ನೆಟ್ಟಿನ ಮೇಲಿನ ಕೈಗಳು

ಹಟ್ಟಿಯಂಗಡಿಯ ಹುಡುಗರು ಕೊಯ್ಲು ಮುಗಿದ ಗದ್ದೆಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಇಟ್ಟುಕೊಂಡಿದ್ದರು. ಒಂದು ಸಂಜೆ ನಾಲ್ವರು ಪೋಸ್ಟರಿನ ಕರಡು ಹಿಡಿದು ಮನೆಗೆ ಬಂದರು. "ನೀವ್ ಕತಿ ಬರೀತ್ರಿ ಅಲ್ದಾ ಸಾಹೇಬ್ರೆ, ಇದನ್ನೊಂದ್ ಸಮಾ ಮಾಡಿ ಕೊಡಿ ಕಾಂಬ" ಎಂದರು. ಕತೆ ಬರೆಯುವವನಿಗೆ ಪೋಸ್ಟರೂ ಬರುತ್ತದೆಂಬ ನಂಬಿಕೆ ಅವರದು!

ಕರಡಿನಲ್ಲಿ ಬೆಂಕಿಯ ಜ್ವಾಲೆಯಿತ್ತು, ಬಾಯಿ ತೆರೆದ ಹುಲಿಯಿತ್ತು, ದಾನಿಗಳ ಇಪ್ಪತ್ತೆರಡು ಭಾವಚಿತ್ರಗಳಿದ್ದವು. ಚೆಂಡು ಮಾತ್ರ ಇರಲಿಲ್ಲ. ಪಂದ್ಯ ಯಾವತ್ತು, ಎಲ್ಲಿ ಎಂಬುದು ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂತಿತ್ತು. ಹಿನ್ನೆಲೆ ಇಡೀ ಕೇಸರಿ.

ಮೊದಲು ಅಕ್ಷರಕ್ಕೆ ಕೈ ಹಾಕಿದೆ. ತಲ್ಲೂರು ಕಡೆಯಿಂದ ಬಸ್ಸಿನಲ್ಲಿ ಬರುವವನಿಗೆ ಪೋಸ್ಟರ್ ಕಣ್ಣಿಗೆ ಬೀಳುವುದು ಎರಡು ಮೂರು ಸೆಕೆಂಡು. ಆಟ, ದಿನ, ಜಾಗ ಈ ಮೂರೇ ದೊಡ್ಡದಾಗಿರಲಿ ಎಂದೆ. ದೊಡ್ಡದು ಮಾಡಿದರೆ ಹಟ್ಟಿಯಂಗಡಿಯ 'ಟ್ಟಿ'ಯ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿತು. ಉರ್ದು ಶಾಲೆಯಲ್ಲಿ ನಸ್ತಾಲೀಖ್ ತಿದ್ದಿದವನಿಗೆ ಈ ಕಷ್ಟ ಗೊತ್ತು. ಆ ಬರಹ ಓರೆಯಾಗಿ ಕೆಳಗಿಳಿಯುತ್ತದೆ. ಸಾಲಿನ ನಡುವೆ ಜಾಗ ಬಿಡದಿದ್ದರೆ ಉಸಿರುಗಟ್ಟುತ್ತದೆ. ಕನ್ನಡಕ್ಕೂ ಜಾಗ ಬೇಕಿತ್ತು. ಭಾವಚಿತ್ರಗಳನ್ನು ತೆಗೆಸಿ, ದಾನಿಗಳ ಹೆಸರನ್ನು ಅಕಾರಾದಿಯಾಗಿ ಒಂದೇ ಅಳತೆಯಲ್ಲಿ ಹಾಕಿಸಿದೆ. ಒಬ್ಬ ದಾನಿ ಮುನಿಸಿಕೊಂಡರು. ಮೈಕಿನಲ್ಲಿ ಎರಡು ಸಲ ಹೆಸರು ಕೂಗುವುದೆಂದು ರಾಜಿಯಾಯಿತು.

2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಹಾಗಾಗಿ ಕಾಗದ ಮತ್ತು ಬಟ್ಟೆ ಸಾಕೆಂದೆವು.

ಕಷ್ಟವಾದದ್ದು ಬಣ್ಣ. "ಕೇಸರಿ ಬ್ಯಾಡ ಅಂದ್ರೆ ಹಸ್ರ್ ಮಾಡುವನಾ?" ಎಂದು ಒಬ್ಬ ನನ್ನ ಮುಖ ನೋಡಿ ಅರ್ಧ ನಕ್ಕ. ಉಳಿದವರು ನೆಲ ನೋಡಿದರು. ಕೇಸರಿ ನಮ್ಮೂರ ಅಬ್ಬಲಿಗೆ ಹೂವಿನ ಬಣ್ಣ, ಹಸಿರು ಗದ್ದೆಯ ಬಣ್ಣ. ಎರಡರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಈ ಕರಾವಳಿಯಲ್ಲಿ ಪೋಸ್ಟರಿನ ಬಣ್ಣ ನೋಡಿಯೇ ಇದು ಯಾರ ಕಾರ್ಯಕ್ರಮ, ನಾವು ಹೋಗಬಹುದೋ ಬಾರದೋ ಎಂದು ಲೆಕ್ಕ ಹಾಕುವ ಕಾಲ ಬಂದಿದೆ.

ಅವರಿಗೆ ಮ್ಯೂನಿಕ್‌ನ ಕತೆ ಹೇಳಿದೆ. 1972ರ ಒಲಿಂಪಿಕ್ಸ್‌ನ ವಿನ್ಯಾಸಕಾರ ಓಟ್ಲ್ ಐಷರ್. ಹಿಟ್ಲರನ ವಿರುದ್ಧ ಕರಪತ್ರ ಹಂಚಿದ್ದಕ್ಕೆ 1943ರಲ್ಲಿ ತಲೆ ಕೊಟ್ಟ ಹಾನ್ಸ್ ಮತ್ತು ಸೋಫಿ ಶೋಲ್ ಅವರ ಅಕ್ಕನನ್ನು ಮದುವೆಯಾದವರು. 1936ರ ಬರ್ಲಿನ್ ಒಲಿಂಪಿಕ್ಸ್‌ನ ಕೆಂಪು ಬಾವುಟಗಳು ಜರ್ಮನ್ನರಿಗೆ ನೆನಪಿದ್ದವು. ಐಷರ್ ಕೆಂಪನ್ನು ಬಿಟ್ಟು ತಿಳಿನೀಲಿಯನ್ನು ಮುಂದಿಟ್ಟರು. ಬಣ್ಣವೊಂದೇ ಮನುಷ್ಯರನ್ನು ಕಾಯುವುದಿಲ್ಲ. ಅದೇ ಕೂಟದಲ್ಲಿ ಇಸ್ರೇಲಿ ತಂಡದ 11 ಮಂದಿ ಕೊಲೆಯಾದರು. ಆದರೂ ಬಾಗಿಲಿನಲ್ಲೇ ಯಾರನ್ನೂ ಹೆದರಿಸದಿರುವುದು ಆತಿಥೇಯನ ಕರ್ತವ್ಯ. ನಾವು ವಾರಾಹಿ ಹೊಳೆಯ ನೀಲಿ, ಬೈಹುಲ್ಲಿನ ಹಳದಿ ಆರಿಸಿದೆವು.

ಇನ್ನು ಚಿತ್ರ. ವಾಲಿಬಾಲಿನಲ್ಲಿ ಎದುರಾಳಿಯ ಮೈ ಮುಟ್ಟಿ ಆಡುವುದಿಲ್ಲ. ನಡುವೆ ನೆಟ್, ಗಂಡಸರ ಆಟಕ್ಕೆ 2.43 ಮೀಟರ್ ಎತ್ತರ. ಎರಡೂ ಕಡೆಯ ಕೈಗಳು ಒಂದೇ ಚೆಂಡಿಗೆ ಏಳುತ್ತವೆ. ಹುಲಿಗಿಂತ ಅದೇ ಚೆನ್ನ. ತಂಡದ ಇಬ್ಬರನ್ನು ನೆಟ್ಟಿನ ಎರಡು ಬದಿ ನಿಲ್ಲಿಸಿ, ಹಾರಿಸಿ, ಮೊಬೈಲಿನಲ್ಲಿ ಕೈಗಳ ಫೋಟೋ ತೆಗೆದೆವು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ.

ಫೋಟೋ ನೋಡಿದ ಡಿಟಿಪಿಯವನು, "ಈ ಕೈಯ ಕೆಂಪು ದಾರ ಅಳಿಸಿ ಬಿಡ್ಲಾ?" ಎಂದು ಕೇಳಿದ. ನನಗೆ ಒಂದು ಕ್ಷಣ ಹೌದೆನ್ನಿಸಿತು. ಕೇಸರಿ ತೆಗೆಸಿದವನು ನಾನೇ ಅಲ್ಲವೇ? ಆದರೆ ಆ ದಾರ ಹುಡುಗನಿಗೆ ಅವನ ತಾಯಿ ಕಟ್ಟಿದ್ದು. ಅದು ಯಾರನ್ನೂ ಹೊರಗೆ ನಿಲ್ಲಿಸಿರಲಿಲ್ಲ. ಗೋಡೆಗೆಲ್ಲ ಒಂದೇ ಬಣ್ಣ ಬಳಿಯಬಾರದು ಎಂದಿದ್ದೆನೇ ಹೊರತು, ಮನುಷ್ಯನ ಮೈಮೇಲಿನ ಗುರುತು ಒರೆಸಬೇಕು ಎಂದಿರಲಿಲ್ಲ. ನಾಳೆ ಯಾರಾದರೂ ನನ್ನ ಟೋಪಿ ಅಳಿಸಲು ಹೊರಟರೆ ನಾನು ಒಪ್ಪುತ್ತೇನೆಯೇ? "ಇರಲಿ ಬಿಡಿ" ಎಂದೆ.

ಪೋಸ್ಟರ್ ಅಂಟಿಸುವಾಗ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಇಳಿಸಿ ನೋಡಿದರಂತೆ. "ಇದ್ ಯಾರ್ ಕೈ ಮಗಾ?" ಎಂದು ಕೇಳಿದರಂತೆ. ಅಂಟು ಹಚ್ಚುತ್ತಿದ್ದವನು, ನನ್ನನ್ನು ನೋಡಿ ಅರ್ಧ ನಕ್ಕಿದ್ದ ಹುಡುಗನೇ. "ನಮ್ದೇ" ಎಂದನಂತೆ.