ಪಗಾರಕ್ಕೆ ಮುಂಚೆ ತಲುಪಲಿ

ಗಡಹಿಂಗ್ಲಜ

ಪ್ರೀತಿಯ ತಮ್ಮಾ,

ಮಳೆ ಹಿಡಿದ ಮೇಲೆ ಅವ್ವನ ಮೊಣಕಾಲು ನೋವು ಜಾಸ್ತಿಯಾಗಿದೆ, ಆದರೂ ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಹಿರಣ್ಯಕೇಶಿ ತುಂಬಿ ಹರಿಯುತ್ತಿದೆ. ನೀನು ಇಚಲಕರಂಜಿಗೆ ಹೋಗಿ ಮತ್ತೆ ಮಗ್ಗಕ್ಕೆ ನಿಂತಿದ್ದೀ, ಈ ವಾರ ರಾತ್ರಿ ಪಾಳಿ ಅಂತ ನಿನ್ನ ಹೆಂಡತಿ ಹೇಳಿದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಡೆ ಮಗ್ಗದ ಸದ್ದು, ನನ್ನ ಕಡೆ ಅಳು. ನಮ್ಮ ಮಾತು ಯಾವತ್ತು ಪೂರ್ತಿಯಾಗಿದೆ ಹೇಳು?

ಕೊಲ್ಹಾಪುರದ ಪ್ರಾರ್ಥನಾ ಕೂಟದಲ್ಲಿ ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ರಾತ್ರಿಯಿಂದ ಕುಡಿಯುವ ಆಸೆಯೇ ಸತ್ತುಹೋಯಿತು ಅಂತ ನೀನು ಅಂದೆ. ದೇವರು ಹಾಗೆ ಮಾಡಬಲ್ಲ, ನಾನು ಅನುಮಾನ ಪಡುವುದಿಲ್ಲ. ಆದರೆ ಬರುವ ಕೂಟದಲ್ಲಿ ನಿನ್ನನ್ನು ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುತ್ತಾರಂತೆ. ಬೇಡ ತಮ್ಮಾ, ಈಗಲೇ ಬೇಡ. ನಮ್ಮ ಸಭೆಗಳಿಗೆ ಕುಡುಕನ ಸಾಕ್ಷಿ ಅಂದರೆ ಬಲು ಪ್ರೀತಿ. ಅವನು ಮತ್ತೆ ಎಡವಿದ ದಿನ ಅಷ್ಟು ಪ್ರೀತಿ ಉಳಿದಿರುವುದನ್ನು ನಾನು ಕಂಡದ್ದು ಕಡಿಮೆ. ಸಾವಿರ ಜನರ ಮುಂದೆ 'ಬಿಟ್ಟೆ' ಅಂದವನಿಗೆ ಒಬ್ಬರ ಮುಂದೆ 'ಮತ್ತೆ ಕುಡಿದೆ' ಅನ್ನುವುದು ಬಹಳ ಕಷ್ಟ. ನಾಚಿಕೆಯಿಂದ ಮೊದಲು ಗುಡಿಗೆ ಬರುವುದು ನಿಲ್ಲುತ್ತದೆ, ಆಮೇಲೆ ಮನೆಗೆ ಬರುವುದೂ ನಿಲ್ಲುತ್ತದೆ. ನಿನಗೆ ಬೇಕಾದದ್ದು ಸಾವಿರ ಜನ ಅಲ್ಲ, ಆ ಒಬ್ಬರು.

ಪೇತ್ರನ ಕಥೆ ಇನ್ನೊಮ್ಮೆ ಓದು. ಮೂರು ಸಾರಿ ಗುರುವನ್ನೇ ಅರಿಯೆ ಅಂದವನು ಅವನು. ಯೇಸು ಎದ್ದು ಬಂದ ಮೇಲೆ ಅವನನ್ನು ಸಭೆ ಕೂಡಿಸಿ ವಿಚಾರಿಸಲಿಲ್ಲ. ದಂಡೆಯಲ್ಲಿ ಕೆಂಡ ಹಾಕಿ ಮೀನು ಸುಟ್ಟ, ರೊಟ್ಟಿ ಕೊಟ್ಟ. ಊಟ ಮುಗಿದ ಮೇಲೆ 'ನನ್ನ ಮೇಲೆ ಪ್ರೀತಿ ಇದೆಯಾ' ಅಂತ ಕೇಳಿದ. ಆಮೇಲೆ ಮಾಡಲಿಕ್ಕೆ ಕೆಲಸ ಕೊಟ್ಟ. ಮೊದಲು ಅನ್ನ, ಆಮೇಲೆ ಪ್ರಶ್ನೆ. ಶಿಷ್ಯತ್ವದ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಈ ಕ್ರಮವನ್ನು ತಲೆಕೆಳಗು ಮಾಡಿದವೇ ಹೆಚ್ಚು.

ನಿನ್ನ ಕಡೆ ಎ.ಎ. ಸಭೆ, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಸಭೆ, ಎಲ್ಲಿ ನಡೆಯುತ್ತದೆ ಅಂತ ವಿಚಾರಿಸು. ಅಲ್ಲಿ ಯೇಸುವಿನ ಹೆಸರು ಹೇಳುವುದಿಲ್ಲ ಅಂತ ನಿಮ್ಮ ಕೂಟದವರು ಮುಖ ಸಿಂಡರಿಸಿದರಂತೆ. ಅವರಿಗೆ ಇದನ್ನು ಹೇಳು: 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಶೇರು ದಲ್ಲಾಳಿ, ಒಬ್ಬ ಡಾಕ್ಟರ್, ಹೀಗೆ ಇಬ್ಬರು ಕುಡುಕರು ಸೇರಿ ಅದನ್ನು ಶುರು ಮಾಡಿದಾಗ ಅವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿದ್ದವರು. ಯಾಕೋಬನ ಪತ್ರಿಕೆ ಅವರಿಗೆ ಎಷ್ಟು ಹಿಡಿಸಿತ್ತೆಂದರೆ ತಮ್ಮ ಗುಂಪಿಗೆ ಯಾಕೋಬನ ಹೆಸರನ್ನೇ ಇಡೋಣ ಅನ್ನುವ ಮಾತೂ ಬಂದಿತ್ತು. ತಪ್ಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರೆಂದು ಆ ಪತ್ರಿಕೆಯ ಐದನೇ ಅಧ್ಯಾಯದಲ್ಲಿದೆಯಲ್ಲ, ಅದನ್ನು ಅವರು ಸುಮ್ಮನೆ ಓದಿ ಮುಚ್ಚಿಡಲಿಲ್ಲ. 1957ರಿಂದ ನಮ್ಮ ದೇಶದಲ್ಲೂ ಅದು ಇದೆ. ಬೇಕಾದರೆ ಭಾನುವಾರ ಸಭೆಗೆ ಹೋಗು, ವಾರದ ನಡುವೆ ಅಲ್ಲಿಗೆ ಹೋಗು. ಎರಡಕ್ಕೂ ಜಗಳವಿಲ್ಲ.

ಈಗ ನರ್ಸಮ್ಮನಾಗಿ ನನ್ನ ಮಾತು. ಇಷ್ಟು ವರ್ಷ ವಾರ್ಡಿನಲ್ಲಿ ದುಡಿದವಳು, ಕೇಳಬೇಕು. ದಿನಾ ಕುಡಿಯುವವನು ಒಮ್ಮೆಗೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಗಿ, ಬೆವರಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಅದು ದೆವ್ವ ಅಲ್ಲ, ಮಿದುಳಿನ ಒದ್ದಾಟ. ಅದಕ್ಕೆ ಡಾಕ್ಟರು, ಔಷಧಿ, ಬಿ-1 ವಿಟಮಿನ್ ಬೇಕು. ನಿನ್ನ ಆ ದಿನಗಳು ಕಳೆದವು, ದೇವರಿಗೆ ಸ್ತೋತ್ರ. ಆದರೆ ಕೂಟಕ್ಕೆ ನಾಳೆ ಇನ್ನೊಬ್ಬ ಬರುತ್ತಾನೆ. ಅವನನ್ನು ಉಪವಾಸ ಕೂರಿಸಿ ಬರೀ ಪ್ರಾರ್ಥನೆ ಮಾಡಿದರೆ ನೀನು ಎದ್ದು ಬೇಡ ಅನ್ನು. ಮಿಶನರಿ ವಾನ್ಲೆಸ್ ಡಾಕ್ಟರು 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ಕಟ್ಟಿದ್ದು ಪ್ರಾರ್ಥನೆಯ ಮೇಲೆ ನಂಬಿಕೆ ಕಡಿಮೆಯಾಗಿ ಅಲ್ಲ. ಅವರ ಕೈಯಲ್ಲಿ ಸುವಾರ್ತೆಯೂ ಔಷಧಿ ಪೆಟ್ಟಿಗೆಯೂ ಜೊತೆಗೇ ಇದ್ದವು.

ಇನ್ನೊಂದು. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಿ ದಾರೂ ಬಿಡಿಸುವ ಪುಡಿ ಅಂತ ಗೋಡೆ ಗೋಡೆಗೆ ಜಾಹೀರಾತು ಇರುತ್ತದಲ್ಲ, ಪಕ್ಕದ ಮನೆಯಾಕಿ ಅದನ್ನು ನಿನ್ನ ಹೆಂಡತಿಗೆ ತಂದುಕೊಡಲು ಬಂದಿದ್ದಳಂತೆ. ಅಂಥ ಕೆಲವು ಮದ್ದು ಹೊಟ್ಟೆಯಲ್ಲಿರುವಾಗ ಕುಡಿದರೆ ಜೀವಕ್ಕೇ ಅಪಾಯ. ಬೇಡ ಅಂದಿದ್ದೇನೆ. ನಿನ್ನ ಹೆಂಡತಿಗೂ ಮಾತಾಡಲು ಜನ ಬೇಕು. ಪುಣೆಯಲ್ಲಿ ಅನಿತಾ ಅವಚಟ್, ಅನಿಲ ಅವಚಟ್ 1986ರಲ್ಲಿ ಶುರು ಮಾಡಿದ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರದಲ್ಲಿ ಕುಡುಕರ ಹೆಂಡಂದಿರಿಗೂ 'ಸಹಚರಿ' ಅಂತ ಬೇರೆಯೇ ಗುಂಪಿದೆ. ಅದು ಕ್ರೈಸ್ತರದ್ದಲ್ಲ. ಆದರೆ ನಮ್ಮ ಮಹಿಳಾ ಸಂಘಗಳು ಅದನ್ನು ನೋಡಿ ಕಲಿಯಬೇಕು. ಕುಡುಕನ ಹೆಂಡತಿಗೆ ನಾವು ಹೇಳುವುದು ಒಂದೇ ಮಾತು: 'ತಾಳಿಕೊ, ಪ್ರಾರ್ಥನೆ ಮಾಡು.' ಎಷ್ಟಂತ ತಾಳುತ್ತಾಳೆ?

ಪ್ರಭುಭೋಜನದ ಬಗ್ಗೆ ನೀನು ಕೇಳಿದ್ದೆ. ನಮ್ಮ ಗುಡಿಯಲ್ಲಿ ಒಣದ್ರಾಕ್ಷಿ ಕುದಿಸಿ ಸೋಸಿದ ರಸ, ಚಿಂತೆಯಿಲ್ಲ. ಬೇರೆ ಊರಿನ ಸಭೆಗೆ ಹೋದರೆ ಬಟ್ಟಲಲ್ಲಿ ಏನಿದೆ ಅಂತ ಪಾಸ್ಟರನ್ನು ಮೊದಲೇ ಕೇಳು. ದ್ರಾಕ್ಷಾರಸವಿದ್ದರೆ ರೊಟ್ಟಿ ಮಾತ್ರ ತಗೊ, ಕರ್ತನು ಸಿಟ್ಟಾಗುವುದಿಲ್ಲ. ಈ ಚಿಂತೆ ನಿನ್ನೊಬ್ಬನದಲ್ಲ. 1869ರಲ್ಲಿ ಅಮೆರಿಕದ ವೆಲ್ಚ್ ಎಂಬ ಹಲ್ಲಿನ ಡಾಕ್ಟರು ದ್ರಾಕ್ಷಿ ರಸ ಹುಳಿಯದ ಹಾಗೆ ಕಾಯಿಸಿ ಬಾಟಲಿಗೆ ತುಂಬುವುದನ್ನು ಕಂಡುಹಿಡಿದದ್ದು ಸಭೆಯ ಮೇಜಿಗಾಗಿಯೇ. ಅದು ಅಂಗಡಿಯ ಸರಕಾದದ್ದು ಆಮೇಲೆ.

ಇಲ್ಲಿಯ ಸುದ್ದಿ ಅಂದರೆ ಹೆಂಗಸರು ಮತ್ತೆ 'ಆಡವಿ ಬಾಟಲಿ' ಮಾತು ಎತ್ತಿದ್ದಾರೆ. ನಿನಗೆ ಗೊತ್ತಲ್ಲ, ಮತದ ಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎರಡು ಚಿತ್ರ ಇರುತ್ತವೆ, ಮಲಗಿದ್ದು ಗೆದ್ದರೆ ದಾರೂ ಅಂಗಡಿ ಬಂದ್. ಮತ ಹಾಕಿದವರಲ್ಲಿ ಅರ್ಧ ಸಾಲದು, ಪಟ್ಟಿಯಲ್ಲಿದ್ದವರಲ್ಲೇ ಅರ್ಧಕ್ಕಿಂತ ಹೆಚ್ಚು ಬೇಕು. ಅವ್ವ ಮೊಣಕಾಲು ಎಳೆದುಕೊಂಡಾದರೂ ಹೋಗಿ ಮುದ್ರೆ ಒತ್ತಿ ಬರುತ್ತೇನೆ ಅನ್ನುತ್ತಾಳೆ. ನಾನೂ ಒತ್ತುತ್ತೇನೆ. ಆದರೆ ಅಂಗಡಿ ಮುಚ್ಚಿದರೆ ಎಲ್ಲ ಮುಗಿಯಿತು ಅನ್ನುವ ಭ್ರಮೆ ನನಗಿಲ್ಲ. ಗಡಿ ದಾಟಿದರೆ ಸಂಕೇಶ್ವರ ಇದೆ. ಇಚಲಕರಂಜಿಯಲ್ಲಿ ನಿನ್ನ ದಾರಿಯಲ್ಲೇ ಎಷ್ಟು ಬೋರ್ಡುಗಳಿವೆಯೋ.

ಹಾಗಾಗಿ ಪಗಾರದ ದಿನದ ಬಗ್ಗೆ ಹೇಳಿ ಮುಗಿಸುತ್ತೇನೆ. ಮೀಟರಿನ ಲೆಕ್ಕದಲ್ಲಿ ದುಡಿದ ಹಣ ಕೈಗೆ ಬಂದ ಹೊತ್ತು, ಪಾಳಿ ಬಿಟ್ಟ ದಣಿವು, ಜೊತೆಗಾರರ 'ಒಂದೇ ನೈಂಟಿ' ಎಂಬ ಕರೆ, ಇವು ಮೂರೂ ಕೂಡಿದಾಗ ನಿನ್ನ ನಂಬಿಕೆಯನ್ನು ಪರೀಕ್ಷೆ ಮಾಡಲು ಹೋಗಬೇಡ. ಕಾರಖಾನೆಯ ಬಾಗಿಲಿಗೇ ಹೆಂಡತಿಯನ್ನು ಬರಹೇಳು, ಹಣ ಅವಳ ಕೈಗಿಡು, ಬೇರೆ ಹಾದಿ ಹಿಡಿದು ಮನೆಗೆ ಹೋಗು, ಮೊದಲು ಊಟ ಮಾಡು. ಕೀರ್ತನೆ, ಬೈಬಲ್ಲು ಆಮೇಲೆ. ಇದೂ ಶಿಷ್ಯತ್ವವೇ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಷ್ಟೇ.

ಪಗಾರ ಆದ ರಾತ್ರಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಕುಡಿಯದಿದ್ದರೂ ಮಾಡು, ಕುಡಿದಿದ್ದರೂ ಮಾಡು.

ನಿನ್ನ ಅಕ್ಕ