ಸೋತ ಮೇಲಿನ ಹಸ್ತಲಾಘವ

ಕೊಪ್ಪದಲ್ಲಿ ನಮ್ಮ ಮನೆಗೂ ಚಿಕ್ಕಪ್ಪನ ಮಗನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಐದು ವರ್ಷಗಳ ಕಾಲ ಆ ಗೋಡೆಯು ನನ್ನ ಕಣ್ಣಿಗೆ ಬೆಟ್ಟದಷ್ಟು ಎತ್ತರವಾಗಿದ್ದಿತು. ಕಾರಣವನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಊರಿನ ಸಂಘವೊಂದರ ಚುನಾವಣೆಗೆ ನಾವಿಬ್ಬರೂ ನಿಂತೆವು. ಮೂರು ಮತಗಳಿಂದ ಅವನು ಗೆದ್ದನು. ಅಂದಿನಿಂದ ಮಾತು ನಿಂತಿತು. ಹಬ್ಬದ ದಿನ ಒಬ್ಬಟ್ಟು ಆ ಮನೆಯಿಂದ ಈ ಮನೆಗೆ ಬರುವುದೂ ನಿಂತಿತು. “ನೀವು ಸೋತದ್ದು ಓಟಿನಲ್ಲಿ. ತಮ್ಮನನ್ನೂ ಯಾಕೆ ಕಳೆದುಕೊಳ್ಳುತ್ತೀರಿ?” ಎಂದು ನನ್ನ ಹೆಂಡತಿಯು ಎಷ್ಟೋ ಸಲ ಕೇಳಿದಳು. ಹಿರಿಯನೆಂಬ ಅಭಿಮಾನವು ನನ್ನನ್ನು ಬಾಗಗೊಡಲಿಲ್ಲ.

2024ನೆಯ ಡಿಸೆಂಬರ್ 10ರಂದು ಎಸ್. ಎಂ. ಕೃಷ್ಣ ಅವರು ತೀರಿಕೊಂಡರು. ಅವರು ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. 1999ರಿಂದ 2004ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿಯೂ, 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿಯೂ ಇದ್ದುದನ್ನು ವಾಚಕರು ಬಲ್ಲರು. ಅವರಿಗೆ ಟೆನ್ನಿಸ್ ಆಟದಲ್ಲಿದ್ದ ಪ್ರೀತಿಯೂ ಅಷ್ಟೇ ಪ್ರಸಿದ್ಧವಾದುದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಟೆನ್ನಿಸ್ ಕ್ರೀಡಾಂಗಣಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಚಿನ್ನಿದಾಂಡು, ಕಬಡ್ಡಿಗಳನ್ನು ಬಿಟ್ಟು ಬೇರೆ ಆಟವನ್ನರಿಯದ ನನಗೆ, ಆ ರಾತ್ರಿ ನನ್ನ ಮಗನು ಟೆನ್ನಿಸ್ಸಿನ ರೀತಿಯನ್ನು ವಿವರಿಸಿದನು. ನಡುವೆ ಒಂದು ಬಲೆ; ಆಚೆ ಒಬ್ಬ, ಈಚೆ ಒಬ್ಬ. ಬಿಸಿಲೂ ಗಾಳಿಯೂ ಒಬ್ಬನಿಗೇ ಅನುಕೂಲವಾಗಬಾರದೆಂದು ಇಬ್ಬರೂ ಆಗಾಗ ಅಂಗಳವನ್ನು ಬದಲಾಯಿಸಿಕೊಳ್ಳಬೇಕು. ತೀರ್ಪುಗಾರನಿಲ್ಲದ ಪಂದ್ಯದಲ್ಲಿ, ತನ್ನ ಅಂಗಳಕ್ಕೆ ಬಂದ ಚೆಂಡು ಗೆರೆಯ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂಬುದನ್ನು ಆಯಾ ಆಟಗಾರನೇ ಹೇಳಬೇಕು; ಸಂಶಯ ಬಂದರೆ ಅದರ ಲಾಭವು ಎದುರಾಳಿಗೆ. ಆಟ ಮುಗಿದೊಡನೆ ಗೆದ್ದವನೂ ಸೋತವನೂ ಬಲೆಯ ಬಳಿಗೆ ಬಂದು ಕೈಕುಲುಕಬೇಕು. “ಸೋತವನು ಬರದಿದ್ದರೆ?” ಎಂದೆನು. “ಅವನನ್ನು ಯಾರೂ ಆಟಗಾರನೆನ್ನುವುದಿಲ್ಲ, ಅಪ್ಪ” ಎಂದನು.

ನನಗೆ ನಿದ್ರೆ ಬರಲಿಲ್ಲ. ಕೃಷ್ಣ ಅವರ ಆರಂಭದ ದಿನಗಳ ಕಥೆ ನೆನಪಾಯಿತು. 1962ರಲ್ಲಿ ಅವರು ಮದ್ದೂರಿನಿಂದ ಪಕ್ಷೇತರರಾಗಿ ನಿಂತರು. ಎದುರಾಳಿಯ ಪರವಾಗಿ ಪ್ರಧಾನಿ ನೆಹರೂ ಅವರೇ ಪ್ರಚಾರಕ್ಕೆ ಬಂದರೂ ತರುಣ ಕೃಷ್ಣರು ಗೆದ್ದರು. 1967ರಲ್ಲಿ ಅದೇ ಮದ್ದೂರು ಅವರನ್ನು ಸೋಲಿಸಿತು. ಮರುವರ್ಷವೇ ಮಂಡ್ಯದ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಅವರ ರಾಜಕಾರಣವನ್ನೆಲ್ಲ ನಾನು ಒಪ್ಪಿದವನಲ್ಲ. 2017ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಭಾರತೀಯ ಜನತಾ ಪಕ್ಷವನ್ನು ಸೇರಿದಾಗ ಹಳಿದವರಲ್ಲಿ ನಾನೂ ಒಬ್ಬನು. ಆದರೆ ಸೋಲನ್ನು ಅವರು ಒಂದು ಆಟದ ಸೋಲಾಗಿ ಎಣಿಸಿದರೇ ಹೊರತು ಬಾಳಿನ ಹಗೆಯಾಗಿ ಎಣಿಸಲಿಲ್ಲವೆಂದು ನನಗೆ ತೋರಿತು. ನಾನೋ, ಮೂರು ಮತಗಳನ್ನು ಐದು ವರ್ಷ ಎಣಿಸುತ್ತ ಕುಳಿತಿದ್ದೆನು!

ಮರುದಿನ ಸೋಮನಹಳ್ಳಿಯಲ್ಲಿ ಅಂತ್ಯಕ್ರಿಯೆ. ನಾನೂ ಹೋದೆನು. ಎಲ್ಲ ಪಕ್ಷಗಳ ಮುಖಂಡರೂ ಅಲ್ಲಿ ಒಟ್ಟಿಗೆ ನಿಂತಿದ್ದರು. ಆ ಜನಸಂದಣಿಯಲ್ಲಿ ನನ್ನಿಂದ ನಾಲ್ಕು ಮಾರು ದೂರದಲ್ಲಿ ತಮ್ಮನು ಕಂಡನು. ತಲೆ ನರೆತಿದ್ದಿತು, ಐದು ವರ್ಷಗಳಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಕೈಕುಲುಕುವುದು ನಮ್ಮ ಮನೆಗಳ ರೂಢಿಯಲ್ಲ. ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟೆನು.

“ಊಟ ಮಾಡಿದೆಯೇನೋ?”

ಅವನು ಕ್ಷಣಕಾಲ ನನ್ನ ಮುಖವನ್ನೇ ನೋಡಿದನು. “ಇಲ್ಲ ಕಣಣ್ಣ” ಎಂದನು. ಗಂಟಲು ಕಟ್ಟಿದ್ದಿತು.

ಅವನ ಬೈಕಿನ ಹಿಂದೆ ಕುಳಿತು ಊರಿಗೆ ಬಂದೆನು. ನನ್ನ ಹೆಂಡತಿಯು ಒಂದು ಮಾತನ್ನೂ ಆಡದೆ ಎರಡು ತಟ್ಟೆಗಳಿಗೆ ಬಿಸಿ ಮುದ್ದೆಯನ್ನಿಕ್ಕಿ ಸೊಪ್ಪಿನ ಸಾರನ್ನು ಬಡಿಸಿದಳು.

2025ರ ಯುಗಾದಿಯಂದು ಒಬ್ಬಟ್ಟು ಗೋಡೆಯನ್ನು ದಾಟಿ ಬಂದಿತು. ಗೋಡೆಯು ಇದ್ದಲ್ಲಿಯೇ ಇದೆ. ನನ್ನ ಎದೆಯೆತ್ತರಕ್ಕಿಂತ ಹೆಚ್ಚಿಲ್ಲ.