ಚಾರ್ಮಾಡಿಯ ಕಣಿವೆದಾರಿ

ಬಾಳೆಹೊನ್ನೂರಿನಲ್ಲಿ ಶ್ರೀ ರಂಭಾಪುರಿ ಪೀಠದ ದರ್ಶನ ಮುಗಿಸಿ ಭದ್ರೆಯ ತೀರವನ್ನು ಬಿಟ್ಟಾಗ ಬಿಸಿಲು ಏರಿತ್ತು. ಮಾಗುಂಡಿ, ಬಾಳೂರುಗಳನ್ನು ಹಾದು, ಕಾಫಿ ತೋಟಗಳ ನೆರಳಿನಲ್ಲಿಯೇ ಸಾಗಿ ಕೊಟ್ಟಿಗೆಹಾರವನ್ನು ಸೇರಿದೆವು. ಮೂಡಿಗೆರೆಯ ದಾರಿ, ಕಳಸ-ಹೊರನಾಡುಗಳ ದಾರಿ, ಘಟ್ಟವಿಳಿಯುವ ದಾರಿ ಇಲ್ಲಿ ಕೂಡುತ್ತವೆ. ಈ ಊರಿನ ನೀರುದೋಸೆಯ ರುಚಿಯನ್ನು ಧರ್ಮಸ್ಥಳಕ್ಕೆ ಹೋಗಿಬಂದ ಓದುಗರು ಬಲ್ಲರು. ನಾವೂ ಆ ಕರ್ತವ್ಯಕ್ಕೆ ಲೋಪ ತರಲಿಲ್ಲ.

ಆ ರಾತ್ರಿ ಬಣಕಲ್ ಕಡೆಯ ಬೆಳೆಗಾರ ಬಂಧುಗಳೊಬ್ಬರ ಮನೆಯಲ್ಲಿ ತಂಗಿದೆವು. ಪ್ರಸಾದವಾದ ಮೇಲೆ ಮಾತು 2019ರ ಆಗಸ್ಟಿನ ಮಳೆಯತ್ತ ಹೊರಳಿತು. ಆ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತುಹೋಯಿತು. ಮಲೆಮನೆ, ಮಧುಗುಂಡಿಗಳಲ್ಲಿ ಮನೆಗಳೇ ಮಣ್ಣುಪಾಲಾದವು. ದಾರಿ ಕಡಿದುಹೋದ ಆಲೇಖಾನ್ ಹೊರಟ್ಟಿಯ ಜನರನ್ನು ಹೊರತರಲು ಸೇನೆಯವರೇ ಬರಬೇಕಾಯಿತು.

ಮನೆಯ ಹಿರಿಯ ತಾಯಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡದ್ದು ಆ ದಿನಗಳಲ್ಲಿಯೇ. ಎಂದಿನಂತಾದರೆ ಘಾಟಿ ಇಳಿದು ಉಜಿರೆ, ಅಲ್ಲಿಂದ ಮಂಗಳೂರು. ಅಂದು ಮೂಡಿಗೆರೆಗೆ ಹಿಂದಿರುಗಿ, ಸಕಲೇಶಪುರಕ್ಕೆ ಹೋಗಿ, ಶಿರಾಡಿ ತೆರೆದಿದೆಯೇ ಎಂದು ಕೇಳಿಕೊಂಡು ಮುಂದುವರಿಯಬೇಕಾಯಿತು. ಶಿರಾಡಿಯನ್ನಾದರೂ ನೆಚ್ಚುವುದು ಹೇಗೆ? 2018ರ ಆಗಸ್ಟಿನಲ್ಲಿ ಅದೂ ಕುಸಿದು ಮುಚ್ಚಿತ್ತು.

"ಮಂಗಳೂರು ನಮಗೆ ಅಂಗಳ ಇದ್ದಂಗೆ ಇತ್ತು ಕಣಪ್ಪ. ಆವತ್ತು ಕಾಶಿಗಿಂತ ದೂರ ಆಯ್ತು," ಎಂದು ಆ ತಾಯಿ ನಕ್ಕರು. ಮಗ ನಗಲಿಲ್ಲ.

ರಸ್ತೆ ಮತ್ತೆ ತೆರೆದದ್ದು ಸುಮಾರು ಒಂದು ತಿಂಗಳ ಮೇಲೆ, ಅದೂ ಲಘು ವಾಹನಗಳಿಗೆ ಮಾತ್ರ, ಹಗಲು ಹೊತ್ತಿನಲ್ಲಿ ಮಾತ್ರ. ಇಷ್ಟು ತಡವೇಕೆಂದು ನಮಗೂ ಅನ್ನಿಸಿತ್ತು. ಮರುದಿನ ಘಾಟಿಯಲ್ಲಿ ಇಳಿದು ನೋಡಿದಾಗ ಕಾರಣ ತಿಳಿಯಿತು. ಬಿದ್ದ ಮಣ್ಣನ್ನು ಬುಡದಿಂದ ತೆಗೆದಷ್ಟೂ ನೀರು ಕುಡಿದು ಭಾರವಾದ ಮೇಲಿನ ಗುಡ್ಡ ಆಸರೆ ತಪ್ಪಿ ಜಾರುತ್ತದೆ. ಕಣಿವೆಯ ಬದಿಯಲ್ಲಿ ರಸ್ತೆಯ ಅಡಿಯ ಮಣ್ಣೇ ಕೊಚ್ಚಿಹೋದರೆ, ಮೇಲೆ ಡಾಂಬರು ಗಟ್ಟಿಯಾಗಿ ಕಂಡರೂ ಲಾರಿಯ ಭಾರವನ್ನು ಅದು ತಾಳದು. ತಡೆಗೋಡೆ ತಳದಿಂದ ಏಳಬೇಕು. ಮೋರಿ, ಚರಂಡಿಗಳು ಕಟ್ಟಿಕೊಳ್ಳದಂತೆ ಮಳೆಗೆ ಮುನ್ನವೇ ಬಿಡಿಸಿಡಬೇಕು. ಈ ಕೊನೆಯದು ಹೆಚ್ಚು ಹಣದ ಕೆಲಸವಲ್ಲ, ಆದುದರಿಂದಲೇ ಮರೆತುಹೋಗುತ್ತದೆಂದು ನಮ್ಮ ಅನುಮಾನ.

ಹೆದ್ದಾರಿಯನ್ನು ಲಾರಿಗಳ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿನವರೆಗಿನ ಸುಮಾರು 25 ಕಿ.ಮೀ. ದಾರಿಯನ್ನು ಇಲ್ಲಿಯ ಮನೆಗಳು ಅಳೆಯುವುದು ಬೇರೆಯೇ ರೀತಿಯಲ್ಲಿ: ಮಧ್ಯರಾತ್ರಿ ಹೆರಿಗೆನೋವು ಬಂದರೆ ಗಾಡಿ ಇಳಿದೀತೇ? ಗುಡ್ಡ ಬಿರುಕು ಬಿಟ್ಟರೆ ಮಕ್ಕಳು ಮುದುಕರನ್ನು ಯಾವ ಕಡೆಗೆ ಸಾಗಿಸುವುದು? ಹಗಲಷ್ಟೇ ತೆರೆದ ದಾರಿ ಅವರ ಪಾಲಿಗೆ ಅರ್ಧ ಮುಚ್ಚಿದ ದಾರಿಯೇ.

ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ನಾವು ಕೈಮುಗಿಯುತ್ತಿರುವಾಗ ಮೇಲಿನ ತಿರುವಿನಿಂದ ಆಂಬುಲೆನ್ಸಿನ ಕೂಗು ಕೇಳಿಸಿತು. ಚಾಲಕರೆಲ್ಲರೂ ಯಾರೂ ಹೇಳದೆಯೇ ಗಾಡಿಗಳನ್ನು ಗುಡ್ಡದ ಬದಿಗೆ ಸರಿಸಿದರು. ಅದು ಕೆಳಗಿನ ಮಂಜಿನಲ್ಲಿ ಮರೆಯಾಗಿ, ಕೂಗು ಪೂರ್ತಿ ಅಡಗುವವರೆಗೂ ಒಬ್ಬರೂ ಗಾಡಿ ಹೊರಡಿಸಲಿಲ್ಲ.